ಸೈಕಲ್ಲಿಗೇ ಅಂತ ಮಾಡಿದ ದಾರಿ

ಕೊಳ್ಳೇಗಾಲ

ಹಾಲೆಂಡಿನಿಂದ ಹಿಂದಿರುಗಿದ ಮೇಲೆ ಗಾಳಿಗಿರಣಿಯ ವಿಚಾರವನ್ನಾಗಲಿ ಹೂವಿನ ತೋಟದ ವಿಚಾರವನ್ನಾಗಲಿ ನಮ್ಮೂರಿನಲ್ಲಿ ಯಾರೂ ಕೇಳಲಿಲ್ಲ. ಪೇಟೆಯ ಸೈಕಲ್ ಶಾಪಿನ ಮಾದೇವ ನನ್ನ ಹಳೆಯ ಲೇಡೀಸ್ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾ ಕೇಳಿದ್ದು ಇಷ್ಟೆ.

"ಅಮ್ಮಣ್ಣಿ, ಅಲ್ಲಿ ಸೈಕಲ್ಗೇ ಅಂತ ಬ್ಯಾರೆ ರೋಡ್ ಮಾಡವ್ರಂತಲ್ಲ, ದಿಟವಾ?"

"ದಿಟ ಕಣಪ್ಪ."

"ಬಸ್ಸು, ಲಾರಿ, ಎತ್ತಿನ ಗಾಡಿ, ಯಾವ್ದೂ ಬರಕಿಲ್ವಾ?"

"ಒಂದೂ ಬರೋದಿಲ್ಲ."

ಅವನು ಎಣ್ಣೆಯ ಡಬ್ಬಿ ಕೆಳಗಿಟ್ಟು ಕೈ ಒರೆಸಿಕೊಂಡ. "ಅಂಗಾರೆ ಅದು ಸೊರ್ಗವೇ ಬುಡಿ. ನಂ ಅನೂರ್ ರೋಡ್ಗೂ ಅಂಗೇ ಒಂದು ಮಾಡ್ಬುಟ್ರೆ ಶಾಪ್ ಬಾಗ್ಲಾಕಂಡು ದಿನಾ ಸವಾರಿ ಓಯ್ತೀನಿ."

ಅದಕ್ಕೆ ನನ್ನ ಉತ್ತರ ಸ್ವಲ್ಪ ಉದ್ದದ್ದು. ಪಕ್ಕದ ಬೀದಿಗೆ ಹೋಗಿ ಬ್ರೆಡ್ ತರುವವರಿಗೆ ಅದು ಸ್ವರ್ಗವೇ ಸರಿ. ಲಾಂಗ್ ಡಿಸ್ಟೆನ್ಸ್ ಹೋಗುವವರಿಗೆ ಏನು ಎಂಬುದನ್ನು ಬಾಯಲ್ಲಿ ಹೇಳಿ ಮುಗಿಸುವುದಕ್ಕಾಗದೆ ಬರೆಯಲು ಕೂತಿದ್ದೇನೆ.

ಮೊದಲು ಗ್ರೀತಳ ಪರಿಚಯ ಆಗಬೇಕು. ನಾವಿಬ್ಬರೂ ಮೈಸೂರಿನ ಕಾನ್ವೆಂಟಿನಲ್ಲಿ ಒಂದೇ ಡೆಸ್ಕಿನವರು. ಅವಳ ತಂದೆ ಡಚ್ಚರವರು. ಜಾವಾದಿಂದ ಬಂದು ಯಳಂದೂರಿನ ಮೇಲಿನ ಬೆಟ್ಟದಲ್ಲಿ ಕಾಫಿ ತೋಟದ ಮ್ಯಾನೇಜರ್ ಆಗಿದ್ದರು. ತಾಯಿ ಇರಲಿಲ್ಲ. ಅಕ್ಕ ಹಾಲೆಂಡಿನಲ್ಲೇ ಅಜ್ಜಿಯ ಹತ್ತಿರ ಬೆಳೆದಳು. ಇವಳನ್ನು ಸಾಕಿದ್ದು ಹನೂರಿನ ಕಡೆಯ ಒಬ್ಬ ಆಯಾ. ಕಾನ್ವೆಂಟಿನ ಮದರ್ ನನ್ನ ಇಂಗ್ಲಿಷನ್ನು ತಿದ್ದಿದರು, ಆಯಾ ಇವಳ ಕನ್ನಡವನ್ನು ತಿದ್ದಿದಳು. ಅದರ ಫಲವಾಗಿ ನಾನು ಪ್ರಾಪರ್ ಆಗಿ ಮಾತಾಡುವವಳಾದೆ, ಗ್ರೀತ ಹನೂರಿನ ಸಂತೆಯಲ್ಲಿ ಕೋಳಿ ಮಾರುವವಳ ಹಾಗೆ ಮಾತಾಡುವವಳಾದಳು.

ರಜೆ ಬಂದರೆ ಅವಳು ನಮ್ಮ ಮನೆಯಲ್ಲಿ. ಅವಳ ತಂದೆ ತರಿಸಿಕೊಟ್ಟ ಜೋಡಿ ಸೈಕಲ್ಲಿನಲ್ಲಿ ಮಾಂಬಳ್ಳಿಯ ನಮ್ಮ ಸೋದರಮಾವನ ಮನೆಗೆ ಹೋಗಿ ಮಜ್ಜಿಗೆ ಕುಡಿದು ಬರುತ್ತಿದ್ದೆವು. ಕೊಳ್ಳೇಗಾಲ ಮದ್ರಾಸ್ ಸರ್ಕಾರಕ್ಕೆ ಸೇರಿದ್ದು, ಮಾಂಬಳ್ಳಿ ಇರುವ ಯಳಂದೂರಿನ ಕಡೆಯದೆಲ್ಲ ಮೈಸೂರು ಮಹಾರಾಜರದು. ನಿನ್ನ ಮೊದಲನೇ ಫಾರಿನ್ ಟೂರ್ ಮಾಂಬಳ್ಳಿಗೇ ಎಂದು ಅವಳು ಈಗಲೂ ರೇಗಿಸುತ್ತಾಳೆ. ದೂರ ಹೋಗುವ ಹುಮ್ಮಸ್ಸು ಬಂದರೆ ಹನೂರು. ಆ ರಸ್ತೆಯ ಮೇಲೆ ಗಾಡಿಯ ಚಕ್ರಗಳು ಕೊರೆದ ಎರಡು ಜಾಡು. ಒಂದರಲ್ಲಿ ಅವಳು, ಒಂದರಲ್ಲಿ ನಾನು, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಎದುರಿಗೆ ಗಾಡಿ ಬಂದರೆ ಇಳಿದು ಪಕ್ಕಕ್ಕೆ ನಿಲ್ಲುವುದು. ಗಾಡಿಯವನೂ ಎತ್ತು ನಿಲ್ಲಿಸಿ ಯಾರ ಮನೆಯವರು, ಎಲ್ಲಿಗೆ, ಉಂಡಿರಾ ಎಂದೆಲ್ಲ ವಿಚಾರಿಸಿಕೊಂಡೇ ಮುಂದಕ್ಕೆ ಬಿಡುವುದು.

ಇಪ್ಪತ್ತು ತುಂಬುವ ಹೊತ್ತಿಗೆ ಅವಳು ತಂದೆಯ ಜೊತೆ ಹಡಗು ಹತ್ತಿದಳು. ನಾನು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಟೀಚರಾಗಿ, ಹೆಡ್‌ಮಿಸ್ಟ್ರೆಸ್ ಆಗಿ, ಸೈಕಲ್ಲಿನಲ್ಲೇ ಓಡಾಡಿ ರಿಟೈರ್ ಆದೆ. ನಡುವೆ ಎರಡು ಯುದ್ಧ ಆಗಿಹೋದವು. ಹೋದ ವರ್ಷ ಅವಳಿಂದ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಕಾಗದ ಬಂತು. ಮಂಡಿ ಸವೆದುಹೋಗುವುದರೊಳಗೆ ಒಂದು ಸಲ ಬಂದುಬಿಡು ಎಂದಿದ್ದಳು. ರೇಷ್ಮೆ ವ್ಯಾಪಾರ ಮಾಡುವ ನಮ್ಮಣ್ಣ ಎರಡು ದಿನ ಮಾತು ಬಿಟ್ಟ. ಆಮೇಲೆ ಅವನೇ ಟ್ರಂಕ್ ತಂದುಕೊಟ್ಟ.

ಗ್ರೀತಳ ಮನೆ

ಹಡಗಿನ ವಿಚಾರ ಬೇಡ. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಅರಬ್ಬೀ ಸಮುದ್ರಕ್ಕೆ ಕೊಟ್ಟೆ ಎಂದರೆ ಸಾಕು. ಬಂದರಿನಲ್ಲಿ ಬೂದು ಕೋಟಿನ, ಬಿಳಿ ತಲೆಯ, ಎತ್ತರದ ಮುದುಕಿಯೊಬ್ಬಳು ಜನರನ್ನು ಮೊಣಕೈಯಲ್ಲಿ ಸರಿಸುತ್ತಾ ಬಂದು ನನ್ನ ಮುಂದೆ ನಿಂತಳು. ಇಷ್ಟು ವರ್ಷದ ಮೇಲಿನ ಮೊದಲ ಮಾತಿಗೆಂದು ನಾನು ಇಂಗ್ಲಿಷಿನಲ್ಲಿ ಒಂದು ಒಳ್ಳೆಯ ಸೆಂಟೆನ್ಸ್ ಸಿದ್ಧ ಮಾಡಿಕೊಂಡಿದ್ದೆ.

"ಏನಮ್ಮಿ ದೇವೀ," ಎಂದಳು ಗ್ರೀತ, "ಇಷ್ಟ್ ಒಣಗೋಗಿದ್ದೀಯಲ್ಲ, ನಿಮ್ಮಣ್ಣ ಇಟ್ಟು ಆಕ್ತಾ ಇಲ್ವಾ?"

ಅಂಥ ಕನ್ನಡ ನಮ್ಮೂರಿನಲ್ಲೂ ಈಗ ವಯಸ್ಸಾದವರ ಬಾಯಲ್ಲಿ ಮಾತ್ರ ಇದೆ. ಮಾತಾಡುವವರು ಯಾರೂ ಇಲ್ಲದೆ ಹೇಗೆ ಉಳಿಸಿಕೊಂಡೆ ಎಂದು ಕೇಳಿದೆ. "ಬೆಕ್ಕುನ್ ಬೈಯಕ್ಕೆ ಬೇಕಲ್ಲ" ಎಂದಳು.

ಅವಳು ಮಗಳು, ಅಳಿಯನ ಜೊತೆ ಇದ್ದಾಳೆ. ಆ ಜನ ಕಿಟಕಿಗೆ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆಲ್ಲ ನಾವು ತಿನ್ನುವುದು ಕಾಣುತ್ತದೆ, ತಿನ್ನುವುದಕ್ಕೆ ಮಾತ್ರ ಹೆಚ್ಚೇನೂ ಇರುವುದಿಲ್ಲ. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿ ಒಳಗಿಡುತ್ತಾರೆ. ಬೇಡ ಬೇಡ ಎಂದರೂ ತಟ್ಟೆಗೆ ಸುರಿಯುವ ಕಡೆಯಿಂದ ಹೋದವಳು ನಾನು. ಮೊದಲ ದಿನ ಮರ್ಯಾದೆಗೆಂದು ಬೇಡ ಎಂದೆ, ಅವರು ಹಾಗೆಯೇ ಒಳಗಿಟ್ಟುಬಿಟ್ಟರು.

ಅಳಿಯನ ಹೆಸರು ವಿಲ್ಲೆಮ್. ರಸ್ತೆಗಳ ಆಫೀಸಿನಲ್ಲಿ ಎಂಜಿನಿಯರು, ಮೆದು ಮಾತಿನವನು. ಸೈಕಲ್ ದಾರಿಗಳನ್ನು ಮಾಡಿಸುವುದೇ ಅವನ ಕೆಲಸ. ನನ್ನನ್ನು ಕರೆದುಕೊಂಡು ಹೋಗಿ ಮನೆಯ ಹತ್ತಿರದ ದಾರಿಯನ್ನು ತೋರಿಸಿದ. ಈ ಕಡೆ ಮೋಟಾರುಗಳ ರಸ್ತೆ, ನಡುವೆ ಮುಳ್ಳುಬೇಲಿಯ ಗಿಡ ಸಾಲಾಗಿ, ಆ ಕಡೆ ಇಟ್ಟಿಗೆ ಹಾಸಿದ ಕಿರಿದಾದ ದಾರಿ, ಅದರ ಬಾಯಲ್ಲಿ ನೀಲಿಯ ದುಂಡು ಹಲಗೆ, ಹಲಗೆಯ ಮೇಲೆ ಬಿಳಿ ಸೈಕಲ್ ಚಿತ್ರ. "ಮೇಡಂ, ಈ ಹಲಗೆ ಇರುವ ಕಡೆ ಸೈಕಲ್ಲಿನವರು ದೊಡ್ಡ ರಸ್ತೆಗೆ ಹೋಗುವ ಹಾಗಿಲ್ಲ. ಕಾನೂನು. ಇದಾದ ಮೇಲೆ ನಮ್ಮ ಮಕ್ಕಳು ಲಾರಿಗೆ ಸಿಕ್ಕುವುದು ತಪ್ಪಿದೆ" ಎಂದ. ಸಣ್ಣ ಮಕ್ಕಳು ಹಾಡಿಕೊಂಡು ಸ್ಕೂಲಿಗೆ ಹೋಗುತ್ತಿದ್ದವು. ನನಗೆ ನಿಜವಾಗಿಯೂ ಕಣ್ಣು ತುಂಬಿತು. ನಮ್ಮ ಸ್ಕೂಲಿನ ಹುಡುಗಿಯರಿಗೆ ಇಂಥದೊಂದು ಇದ್ದಿದ್ದರೆ ಅನ್ನಿಸಿತು.

ಗ್ರೀತಳಿಗೂ ಅವನಿಗೂ ಇದ್ದ ಜಗಳ ಊಟದ ಹೊತ್ತಿಗೆ ಗೊತ್ತಾಯಿತು. ಅವಳ ಅಕ್ಕ ಟ್ರೂಸ್ ಸಮುದ್ರದ ಹತ್ತಿರದ ಒಂದು ಊರಿನಲ್ಲಿದ್ದಾಳೆ. ಇಡೀ ದಿನ ತುಳಿಯಬೇಕಾದ ದೂರ. ಪ್ರತಿ ಬೇಸಿಗೆಯಲ್ಲೂ ಗ್ರೀತ ಅಲ್ಲಿಗೆ ಸೈಕಲ್ಲಿನಲ್ಲೇ ಹೋಗುವುದು. ಹೋದ ಚಳಿಗಾಲದಲ್ಲಿ ದೊಡ್ಡ ರಸ್ತೆಗೆ ಇಳಿದು ಲಾರಿಯೊಂದರ ಪಕ್ಕೆ ತಗುಲಿ ಬಿದ್ದಿದ್ದಳು. ಅಂದಿನಿಂದ ವಿಲ್ಲೆಮ್ ಅವಳ ಸೈಕಲ್ಲನ್ನು ಯಾರಿಗಾದರೂ ಕೊಟ್ಟುಬಿಡಬೇಕು ಎಂದು ಹಟ ಹಿಡಿದಿದ್ದ. ಇವಳು ಕೊಡುವುದಿಲ್ಲ ಎಂದು.

"ಇಷ್ಟು ಒಳ್ಳೆಯ ದಾರಿ ಮಾಡಿಕೊಟ್ಟಿದ್ದೇವೆ," ಎಂದು ಅವನು ನನಗೆ ಇಂಗ್ಲಿಷಿನಲ್ಲಿ ಹೇಳಿದ. "ಅದರಲ್ಲೂ ಹೋಗಲಾಗದವರು ಸೈಕಲ್ ಯಾಕೆ ಹತ್ತಬೇಕು? ನೀವೇ ಹೇಳಿ. ಈ ಸಲ ಹೋಗಲಿ. ನಾನು ರೈಲಿನಲ್ಲಿ ಹೋಗಿ ಅಲ್ಲಿ ಕಾದಿರುತ್ತೇನೆ. ಆರು ಗಂಟೆಗೆ ಟ್ರೂಸ್ ಅತ್ತೆ ಸೂಪ್ ಬಡಿಸುತ್ತಾರೆ. ಅಷ್ಟರೊಳಗೆ ಇವರು ತಮ್ಮ ಸೈಕಲ್ಲಿನ ಮೇಲೇ ಅಲ್ಲಿಗೆ ಸೇರಿದರೆ ಸೈಕಲ್ ಅವರದೇ, ಸಾಯುವವರೆಗೂ ನಾನು ಬಾಯಿ ಬಿಡುವುದಿಲ್ಲ. ನಡುವೆ ಎಲ್ಲಾದರೂ ರೈಲು ಹತ್ತಿದರೆ, ಇಲ್ಲ ಆರು ಹೊಡೆದ ಮೇಲೆ ಬಂದರೆ, ಮರುದಿನ ಸೈಕಲ್ ಪಕ್ಕದ ಮನೆಯ ಹುಡುಗಿಗೆ."

"ಏನಂತೀಯೆ?" ಎಂದು ನಾನು ಗ್ರೀತಳ ಮುಖ ನೋಡಿದೆ.

"ಒಪ್ಕಂಡೆ ಅಂತ ಏಳು," ಎಂದಳು ಅವಳು. "ನೀನೂ ಬರ್ತಾ ಇದ್ದೀಯ ಅಂತ್ಲೂ ಏಳು."

ನೀಲಿ ಹಲಗೆಯ ಆಚೆ

ನನಗೆ ಅವಳ ಮಗಳ ಸೈಕಲ್. ಸೀರೆ ಸಿಕ್ಕದ ಹಾಗೆ ಹಿಂದಿನ ಚಕ್ರಕ್ಕೆ ಜಾಲರಿ ಇತ್ತು. ಆ ದೇಶದಲ್ಲಿ ಸೀರೆ ಉಡುವವರು ಯಾರೂ ಇಲ್ಲದಿದ್ದರೂ ನನ್ನ ಸಲುವಾಗಿಯೇ ಯಾರೋ ಯೋಚಿಸಿದ ಹಾಗಿತ್ತು. ಆದರೆ ಅದರ ಬ್ರೇಕು ಪೆಡಲ್ಲಿನಲ್ಲಿ. ಇಳಿಜಾರಿನಲ್ಲಿ ನಾವು ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿ ಆಡಿಸುತ್ತೇವಲ್ಲ, ಹಾಗೆ ಮಾಡಿದರೆ ಗಾಡಿ ನಿಂತಲ್ಲೇ ಗೂಟ ಹೊಡೆದ ಹಾಗೆ ನಿಲ್ಲುತ್ತದೆ. ಊರು ದಾಟುವುದರೊಳಗೆ ಎರಡು ಸಲ ಗ್ರೀತಳ ಬೆನ್ನ ಹಿಂದೆ ಹುಲ್ಲಿನ ಮೇಲೆ ಬಿದ್ದೆ. ಅವಳು ತಿರುಗಿಯೂ ನೋಡದೆ, "ಆಯ್ತಾ, ಏಳು" ಎಂದಳು.

ಬೆಳಗಿನ ಹೊತ್ತು ಚೆನ್ನಾಗಿಯೇ ಇತ್ತು. ಆಮೇಲೆ ಒಂದೊಂದಾಗಿ ತಿಳಿಯುತ್ತಾ ಬಂತು. ಬೇಲಿಯ ಪಕ್ಕದ ಮರಗಳ ಬೇರು ಇಟ್ಟಿಗೆಗಳನ್ನು ಅಲ್ಲಲ್ಲಿ ಎತ್ತಿಹಾಕಿತ್ತು. ಪೇಟೆಯವರೆಗೆ ಹೋಗುವವರು ಒಂದೆರಡು ಸಲ ಕುಲುಕಿ ಮರೆಯುತ್ತಾರೆ. ದಿನವಿಡೀ ಹೋಗುವವರ ಸೊಂಟಕ್ಕೆ ಅದು ಒಂದೊಂದೂ ಲೆಕ್ಕಕ್ಕೆ ಸಿಗುತ್ತದೆ. ರೈತರು ಹಾಲಿನ ಕ್ಯಾನುಗಳನ್ನು ಲಾರಿ ಬಂದು ಒಯ್ಯಲೆಂದು ದಾರಿಯ ಮೇಲೇ ಇಟ್ಟಿರುತ್ತಾರೆ. ಪ್ರತಿ ಹೊಲದ ಗೇಟಿನಲ್ಲೂ, ಪ್ರತಿ ಓಣಿಯ ಬಾಯಲ್ಲೂ ನಾವೇ ನಿಂತು ಬೇರೆಯವರಿಗೆ ದಾರಿ ಬಿಡಬೇಕು. ಪಕ್ಕದ ದೊಡ್ಡ ರಸ್ತೆಯಲ್ಲಿ ಹೋಗುವ ಮೋಟಾರಿಗೆ ಆ ಕಷ್ಟವಿಲ್ಲ. ಇದ್ದಕ್ಕಿದ್ದಂತೆ ದಾರಿ ಮುಗಿಯುತ್ತದೆ. ಇಳಿದು, ಕಾದು, ದೊಡ್ಡ ರಸ್ತೆ ದಾಟಿದರೆ ಆ ಕಡೆ ಮತ್ತೆ ಶುರು. ಸ್ವಲ್ಪ ದೂರ ಹೋದರೆ ಮತ್ತೆ ಈ ಕಡೆಗೆ. ಹಿಂದಿನಿಂದ ಪುಟ್ಟ ಇಂಜಿನ್ ಕೂರಿಸಿದ ಸೈಕಲ್ಲುಗಳು ಕಣಜದ ಹಾಗೆ ಗುಂಯ್ ಎಂದು ಬಂದು ಕಿವಿಯ ಪಕ್ಕದಲ್ಲೇ ಹಾದುಹೋಗುತ್ತವೆ. ಅವುಗಳಿಗೂ ಅದೇ ದಾರಿ.

ಇದನ್ನೆಲ್ಲ ಸಹಿಸಬಹುದಿತ್ತು. ನನಗೆ ಸಹಿಸಲಾಗದೆ ಹೋದದ್ದು ಬೇರೆ. ಆ ದಾರಿಯಲ್ಲಿ ಇಬ್ಬರು ಜೊತೆಯಾಗಿ ಹೋಗುವುದಕ್ಕಾಗುವುದಿಲ್ಲ. ಪಕ್ಕಕ್ಕೆ ಬಂದು ಒಂದು ಮಾತು ಎತ್ತಿದರೆ ಹಿಂದೆ ಟ್ರಿಣ್ ಎನ್ನುತ್ತದೆ. ಸರಿದು ಒಬ್ಬರ ಹಿಂದೆ ಒಬ್ಬರಾಗಬೇಕು. ಅರ್ಧ ಜಗತ್ತು ದಾಟಿ ಗೆಳತಿಯ ಹತ್ತಿರ ಬಂದು ಅರ್ಧ ದಿನ ಅವಳ ಕೋಟಿನ ಬೆನ್ನನ್ನೇ ನೋಡಿದೆ. ಅವಳ ಗಂಡ ಹೇಗೆ ಹೋದರು ಎಂದು ಕೇಳಬೇಕೆಂದಿದ್ದೆ. ಅದನ್ನು ಬೆನ್ನಿಗೆ ಕೂಗಿ ಕೇಳುವುದು ಹೇಗೆ?

ಮಧ್ಯಾಹ್ನದ ಹೊತ್ತಿಗೆ ಅರ್ಧ ದಾರಿಯೂ ಆಗಿರಲಿಲ್ಲ. ಗ್ರೀತ ಚರ್ಚಿನ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಬೇಲಿಯ ಸಂದಿನಲ್ಲಿ ಸೈಕಲ್ಲನ್ನು ತೂರಿಸಿ ದೊಡ್ಡ ರಸ್ತೆಗೆ ಇಳಿದಳು. ನುಣ್ಣಗೆ, ನೇರವಾಗಿ, ಆಹಾ ಎನ್ನುವ ಹಾಗೆ ಹೋಯಿತು. ಹೆಚ್ಚು ದೂರವಲ್ಲ. ಮೋಟಾರ್ ಸೈಕಲ್ಲಿನ ಮೇಲೆ ಪೊಲೀಸಿನವನೊಬ್ಬ ಬಂದು ಸೆಲ್ಯೂಟ್ ಮಾಡಿ, ನೀಲಿ ಹಲಗೆಯ ಕಡೆಗೆ ಬೆರಳು ತೋರಿಸಿದ. ಗ್ರೀತ ಡಚ್ಚಿನಲ್ಲಿ ಬಹಳ ಹೊತ್ತು ವಾದಿಸಿದಳು. ಅವನು ನಗುನಗುತ್ತಲೇ ಎರಡು ಮಾತು ಹೇಳಿದ.

"ಏನಂದ?"

"ನಿಮ್ ಸುಖಕ್ಕೇ ಮಾಡಿರದು ಅಜ್ಜಿ, ಅಂದ," ಎಂದು ಅವಳು ಸೈಕಲ್ಲನ್ನು ತಿರುಗಿಸಿದಳು. ಅವಳ ಕಿವಿ ಕೆಂಪಾಗಿತ್ತು. "ರೈಲ್ವೇ ಸ್ಟೇಸನ್ ಇಲ್ಲೇ ಅದೆ ಕಣಮ್ಮಿ. ನಿಂಗೆ ಸುಸ್ತಾಗಿದ್ರೆ ಏಳ್ಬುಡು."

ನನಗೆ ಸುಸ್ತಾಗಿತ್ತು. ಆಗಿಲ್ಲ ಎಂದೆ.

ಬೆಂಚಿನ ಮೇಲಿನ ಅಜ್ಜ

ನಮ್ಮ ಕಡೆ ಹಿರಿಯರು ಕೂತಿರುವಾಗ ಅವರ ಮುಂದೆ ಸೈಕಲ್ ಮೇಲೆ ಕೂತು ಹಾದುಹೋಗುವುದಿಲ್ಲ. ಅರಳಿಕಟ್ಟೆಯ ಮೇಲೆ ಯಜಮಾನರಿದ್ದರೆ ಇಳಿದು, ತಳ್ಳಿಕೊಂಡು ಹೋಗಿ, ಕಟ್ಟೆ ಹಿಂದಾದ ಮೇಲೆ ಹತ್ತುವುದು. ಹನೂರಿನ ಹತ್ತಿರದ ಒಂದು ಹಳ್ಳಿಗೆ ಬಂದ ಹೊಸ ಮೇಷ್ಟರು ಇದು ತಿಳಿಯದೆ ಸೀದಾ ಹೋಗಿಬಿಟ್ಟರು. ಕಟ್ಟೆಯವರು ಬೈಯಲಿಲ್ಲ. "ಪಾಪ, ಮೇಷ್ಟ್ರು ಸೈಕಲ್ಗೆ ಬ್ರೇಕಿಲ್ಲ ಅಂತ ಕಾಣ್ತದೆ" ಎಂದು ಮಾರನೆಯ ದಿನ ಒಂದು ಜೊತೆ ಬ್ರೇಕ್ ರಬ್ಬರ್ ಕೊಂಡು ಅವರ ಮನೆಗೆ ಕಳಿಸಿದರು. ಮೇಷ್ಟರು ಆಮೇಲೆ ಕಟ್ಟೆ ಕಾಣುವ ಮೊದಲೇ ಇಳಿಯತೊಡಗಿದರು.

ಈ ಅಭ್ಯಾಸ ಕಾಲಿನಲ್ಲಿರುತ್ತದೆ, ತಲೆಯಲ್ಲಿ ಅಲ್ಲ. ಸೈಕಲ್ ದಾರಿಯ ಅಂಚಿನಲ್ಲಿ ಒಂದು ಮರದ ಬೆಂಚು, ಅದರ ಮೇಲೆ ಕಪ್ಪು ಟೋಪಿಯ, ಪೈಪ್ ಸೇದುವ ತುಂಬಾ ವಯಸ್ಸಾದ ಅಜ್ಜ, ಕಾಲ ಬಳಿ ಒಂದು ನಾಯಿ. ಕಂಡದ್ದೇ ತಡ, ನನ್ನ ಕಾಲು ಇಳಿದುಬಿಟ್ಟಿತು.

ನನ್ನ ಹಿಂದೆ ಬರುತ್ತಿದ್ದ ದಪ್ಪನೆಯ ಹೆಂಗಸು ನನ್ನ ಹಿಂದಿನ ಚಕ್ರಕ್ಕೆ ಬಂದು ಗುದ್ದಿದಳು. ಅವಳ ಹಿಂದೆ ಬರುತ್ತಿದ್ದ ಟಪಾಲಿನವನು ಅವಳಿಗೆ ಗುದ್ದಿದ. ಅವಳ ಬುಟ್ಟಿಯಲ್ಲಿದ್ದ ಕೆಂಪು ದಂಟಿನ ಸೊಪ್ಪೆಲ್ಲ ಪಕ್ಕದ ಕಾಲುವೆಗೆ ಬಿತ್ತು. ನಮ್ಮ ರಸ್ತೆಯಾಗಿದ್ದರೆ ಹಿಂದಿನವರು ಪಕ್ಕಕ್ಕೆ ತಿರುಗಿಸಿಕೊಂಡು ಹೋಗುತ್ತಿದ್ದರು. ಇಲ್ಲಿ ಒಂದು ಕಡೆ ಮುಳ್ಳುಬೇಲಿ, ಇನ್ನೊಂದು ಕಡೆ ನೀರು. ಒಬ್ಬರು ನಿಂತರೆ ಊರೇ ನಿಂತಂತೆ.

ಮುಂದೆ ಹೋಗಿದ್ದ ಗ್ರೀತ ಸದ್ದು ಕೇಳಿ ತಿರುಗಿ ಬಂದಳು. "ಲೇ ದೇವೀ, ಯಾಕಮ್ಮಿ ಇಳ್ದೆ?"

"ಅವರು ಕೂತಿದ್ದಾರಲ್ಲ," ಎಂದು ಅಜ್ಜನ ಕಡೆ ತೋರಿಸಿದೆ.

ಗ್ರೀತ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಸೈಕಲ್ಲಿನ ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ನಗತೊಡಗಿದಳು. ನಕ್ಕು ಮುಗಿದ ಮೇಲೆ ಎಲ್ಲರಿಗೂ ಡಚ್ಚಿನಲ್ಲಿ ಕಟ್ಟೆಯ ಕಥೆ ಹೇಳಿದಳು. ಟಪಾಲಿನವನು ಮೀಸೆಯಲ್ಲೇ ನಕ್ಕ. ದಪ್ಪನೆಯ ಹೆಂಗಸು ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ, ಸೊಪ್ಪನ್ನು ಎತ್ತಿಕೊಂಡು, ಅಜ್ಜನಿಗೆ ಗುಡ್ ಆಫ್ಟರ್‌ನೂನ್ ಹೇಳಿಯೇ ಹೋದಳು. ಅಜ್ಜ ಮಾತ್ರ ನಗಲಿಲ್ಲ. ನಿಧಾನವಾಗಿ ಎದ್ದು ನಿಂತು ಟೋಪಿ ತೆಗೆದರು. ಆ ಬೆಂಚಿನ ಮೇಲೆ ವರ್ಷಗಳಿಂದ ಕೂತಿದ್ದೇನೆ, ಇವತ್ತು ಒಬ್ಬರು ನಿಂತರು ಎಂದರಂತೆ.

ಎಲ್ಲಿಗೆ ಎಂದು ಕೇಳಿದರು. ಗ್ರೀತ ಹೇಳಿದಳು. ಆರು ಗಂಟೆಯ ಸೂಪಿನ ಮಾತನ್ನೂ, ಅಳಿಯನ ಷರತ್ತನ್ನೂ ಹೇಳಿದಳು. ಅಜ್ಜ ಪೈಪಿನಿಂದ ದೂರಕ್ಕೆ ತೋರಿಸಿದರು. ಹೊಲಗಳಾಚೆ ಒಂದು ಹಸಿರು ಏರಿ, ನಮ್ಮ ಕೆರೆಯ ಏರಿಯ ಹಾಗೆ, ಆದರೆ ಕಣ್ಣು ಹೋಗುವಷ್ಟು ಉದ್ದ. ಸಮುದ್ರವನ್ನು ತಡೆಯಲೆಂದು ಹಿಂದಿನವರು ಕಟ್ಟಿದ್ದು. ಅದರ ಮೇಲೆ ಹಳೆಯ ಗಾಡಿ ದಾರಿ ಇದೆ.

"ಅದು ನಂಗೂ ಗೊತ್ತು," ಎಂದಳು ಗ್ರೀತ ನನಗೆ. "ಮುಂಚೆ ಅಲ್ಲೇ ಓಯ್ತಿದ್ದೆ. ಯುದ್ಧದಲ್ಲಿ ಜರ್ಮನ್ನೋರು ಮುಳ್ತಂತಿ ಸುತ್ಬುಟ್ಟು ಮುಚ್ಚಿದ್ರು. ಈಗ ತಂತಿ ತೆಗ್ದವ್ರಂತೆ. ನಮ್ಮಳಿಯಂದ್ರು ಆ ವಿಸ್ಯ ಏಳ್ಲೇ ಇಲ್ಲ ನೋಡು."

"ಅವನಿಗೂ ಗೊತ್ತಿರಲಿಕ್ಕಿಲ್ಲ ಕಣೆ. ಅದು ಸೈಕಲ್ ದಾರಿ ಅಲ್ಲವಲ್ಲ."

"ಅಲ್ಲಿ ನೀಲಿ ಅಲ್ಗೆ ಇಲ್ಲ, ಕಾನೂನೂ ಇಲ್ಲ," ಎಂದು ಅವಳು ಆಗಲೇ ಸೈಕಲ್ ಹತ್ತಿದ್ದಳು.

ಏರಿಯ ಮೇಲೆ

ಏರಿಯ ಮೇಲಿನ ದಾರಿ ಸುತ್ತು. ಮೇಲೆ ಹತ್ತಿದ ಕೂಡಲೇ ಗಾಳಿ ಎದೆಗೆ ಕೈಯಿಟ್ಟು ತಳ್ಳಿತು. ಆದರೂ ನಿಲ್ಲಿಸುವವರಿರಲಿಲ್ಲ. ಅಲ್ಲಲ್ಲಿ ಕುರಿ, ಕುರಿ ದಾಟದ ಹಾಗೆ ಒಂದೊಂದು ಮರದ ಗೇಟು, ಹಾಲಿನ ಗಾಡಿ. ಎದುರಿಗೆ ಬಂದವರೆಲ್ಲ ಕೈಯೆತ್ತಿ ಒಂದು ಮಾತು ಆಡಿಯೇ ಹೋಗುವುದು. ಮುಖ್ಯವಾಗಿ, ಗಾಡಿಯ ಚಕ್ರದ ಎರಡು ಜಾಡಿತ್ತು. ಗ್ರೀತ ಎಡದ್ದನ್ನು ಹಿಡಿದಳು. ನಾನು ಬಲದ್ದನ್ನು ಹಿಡಿದೆ.

ಆಗ ಮಾತಾಡಿದೆವು. ಹನೂರಿನ ರಸ್ತೆಯ ಹುಣಿಸೆಮರಗಳು ಇವೆಯೇ, ನಮ್ಮ ಸೋದರಮಾವನ ಮನೆಯಲ್ಲಿ ಈಗ ಯಾರಿದ್ದಾರೆ, ಆಯಾ ಎಲ್ಲಿ ತೀರಿಕೊಂಡಳು. ಅವಳ ಗಂಡನ ವಿಚಾರ ಅವಳೇ ಎತ್ತಿದಳು. ಯುದ್ಧದ ಕಡೆಯ ಚಳಿಗಾಲದಲ್ಲಿ, ಊರಿನಲ್ಲಿ ತಿನ್ನಲು ಏನೂ ಇಲ್ಲದಾಗ, ಅವರು ಕೆಮ್ಮಿ ಕೆಮ್ಮಿ ಹೋದರಂತೆ.

"ಸೈಕಲ್ ಟೈರು ಸಿ‌ಕ್ತಿರ್ಲಿಲ್ಲ. ತೋಟಕ್ಕೆ ನೀರಾಕೋ ಪೈಪ್ನ ಕುಯ್ದು ಚಕ್ರಕ್ಕೆ ಸುತ್ಕಂಡು, ಇದೇ ಏರಿ ಕೆಳ್ಗೆ ಅಳ್ಳಿ ಅಳ್ಳಿ ತಿರುಗ್ದೆ. ಬೆಳ್ಳಿ ಚಮಚ ಕೊಟ್ಟು ಆಲೂಗೆಡ್ಡೆ ತಂದೆ. ಮಗಳ್ನ ಉಳಿಸ್ಕಂಡೆ. ಅವರ್ನ ಉಳಿಸ್ಕಳಕ್ಕೆ ಆಗ್ಲಿಲ್ಲ." ಜಾಡಿಗೆ ಅಡ್ಡ ನಿಂತ ಕುರಿಯೊಂದನ್ನು ಬೆಲ್ ಹೊಡೆದು ಸರಿಸಿದಳು. "ವಿಲ್ಲೆಮ್ ಒಳ್ಳೇವ್ನು. ನನ್ ಮೂಳೆ ಮುರೀಬಾರ್ದು ಅಂತಾನೆ, ಅಷ್ಟೆ. ಆದ್ರೆ ಈ ಸೈಕಲ್ ಕೊಟ್ಬುಟ್ರೆ ಆಮೇಕೆ ನಾನು ಬರೀ ಅಜ್ಜಿ ಕಣಮ್ಮಿ. ಕಿಟ್ಕಿ ತಾವ ಕೂರ್ಸಿ ಬಿಸ್ಕತ್ ಕೊಡ್ತಾರೆ."

"ಒಂದೇ ಒಂದು," ಎಂದೆ.

"ಒಂದೇ ಒಂದು," ಎಂದು ಅವಳು ನಕ್ಕಳು.

ಬಿಸಿಲು ಇಳಿಯುತ್ತಾ ಬಂದಂತೆ ಗಾಳಿ ಜೋರಾಯಿತು. ನನ್ನ ಮಂಡಿ ಮಾತು ಕೇಳಲಿಲ್ಲ. ನನ್ನನ್ನು ಬಿಟ್ಟು ನೀನು ಮುಂದೆ ಹೋಗು, ಸೈಕಲ್ ಉಳಿಸಿಕೊ ಎಂದೆ. ಗ್ರೀತ ಕೇಳಿಸದವಳ ಹಾಗೆ ಮುಂದೆ ನೋಡುತ್ತಿದ್ದಳು. ಮುಂದೆ ಒಣಹುಲ್ಲು ಹೇರಿದ ಕುದುರೆ ಗಾಡಿಯೊಂದು ನಮ್ಮ ದಿಕ್ಕಿಗೇ ಹೋಗುತ್ತಿತ್ತು. "ಇಡ್ಕೊ" ಎಂದಳು. ಹುಲ್ಲಿಗೆ ಬಿಗಿದಿದ್ದ ಹಗ್ಗದ ಒಂದೊಂದು ತುದಿಯನ್ನು ಒಬ್ಬೊಬ್ಬರು ಹಿಡಿದೆವು. ಹುಲ್ಲಿನ ಮರೆಯಲ್ಲಿ ಗಾಳಿಯೂ ಇಲ್ಲ. ಗಾಡಿಯವನು ಯಾಕೋ ತಿರುಗಿ ನೋಡಿ, ಸೀರೆಯುಟ್ಟ ನನ್ನನ್ನು ಕಂಡು, ಬಾಯಲ್ಲಿದ್ದ ಕಡ್ಡಿಯನ್ನು ತೆಗೆದು ಕುದುರೆಗೆ ಏನೋ ಹೇಳಿದ.

"ಕುದ್ರೆಗೆ ಬುದ್ಧಿ ಏಳ್ತಾವ್ನೆ," ಎಂದಳು ಗ್ರೀತ. "ಇವತ್ತು ಮಹಾರಾಣಿ ಬಂದವ್ರೆ, ನೆಟ್ಗೆ ನಡಿ ಅಂತ."

ಕುದುರೆ ನಿಜವಾಗಿಯೂ ನೆಟ್ಟಗೆ ನಡೆಯಿತು. ಟ್ರೂಸಳ ಊರಿನ ಚರ್ಚಿನ ಗೋಪುರ ಕಂಡ ಮೇಲೆ ಹಗ್ಗ ಬಿಟ್ಟೆವು. ಉಳಿದದ್ದು ಇಳಿಜಾರು.

ಸೂಪಿನ ಹೊತ್ತು

ನಾವು ಅಂಗಳಕ್ಕೆ ಇಳಿದಾಗ ಟ್ರೂಸ್ ಮೇಜಿನ ಮೇಲೆ ಸೂಪಿನ ಪಾತ್ರೆ ಇಡುತ್ತಿದ್ದುದು ಪರದೆಯಿಲ್ಲದ ಕಿಟಕಿಯಲ್ಲಿ ಕಂಡಿತು. ಪಾತ್ರೆಯ ಮುಚ್ಚಳ ತೆಗೆದಳು, ಗಡಿಯಾರ ಹೊಡೆಯಿತು, ಗ್ರೀತ ತನ್ನ ಸೈಕಲ್ಲಿನ ಬೆಲ್ ಹೊಡೆದಳು. ಟ್ರೂಸ್ ಬಾಗಿಲು ತೆರೆದು ಎರಡೂ ಸೈಕಲ್ಲುಗಳನ್ನು ನೋಡಿ, ನಮ್ಮನ್ನು ನೋಡಿ, "ಕೈ ತೊಳೆಯಿರಿ" ಎಂದಳು. ಅದೊಂದೇ ಸ್ವಾಗತ.

"ವಿಲ್ಲೆಮ್ ಎಲ್ಲಿ?" ಎಂದಳು ಗ್ರೀತ.

ಅವನು ಮಧ್ಯಾಹ್ನದ ರೈಲಿನಲ್ಲಿ ಬಂದಿದ್ದನಂತೆ. ಹೊತ್ತಾದರೂ ನಾವು ಕಾಣದಿದ್ದಾಗ ಗಾಬರಿಯಾಗಿ, ಪಕ್ಕದ ಮನೆಯವರ ಸೈಕಲ್ ತೆಗೆದುಕೊಂಡು, ನಮಗೆ ಎದುರಾಗಿ ಸೈಕಲ್ ದಾರಿಯಲ್ಲಿ ಹೊರಟಿದ್ದ. ನಾವು ಏರಿಯ ಮೇಲೆ ಬರುತ್ತಿದ್ದಾಗ ಅವನು ಕೆಳಗೆ ಇಟ್ಟಿಗೆಯ ಮೇಲೆ ನಮ್ಮನ್ನು ಹುಡುಕುತ್ತಾ ಹೋಗಿದ್ದ.

ಟ್ರೂಸ್ ಯಾರಿಗೂ ಕಾಯುವವಳಲ್ಲ. ನಮ್ಮ ಊಟ ಮುಗಿದು, ದೀಪ ಹಚ್ಚಿದ ಮೇಲೆ ಹೊರಗೆ ಸೈಕಲ್ ತಳ್ಳಿಕೊಂಡು ಬರುವ ಸದ್ದಾಯಿತು. ಬಾಗಿಲಲ್ಲಿ ನಿಂತ ವಿಲ್ಲೆಮ್ಮನ ಪ್ಯಾಂಟು ಮಂಡಿಯ ಹತ್ತಿರ ಹರಿದಿತ್ತು. ತಲೆಯಲ್ಲಿ ಎಲೆ. ನಮ್ಮನ್ನು ಕಂಡದ್ದೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಆಮೇಲೆ ಅತ್ತೆಯ ಹತ್ತಿರ ಹೋಗಿ ಅವಳ ಎರಡೂ ಭುಜಗಳನ್ನು, ಮೊಣಕೈಗಳನ್ನು ಮುಟ್ಟಿ ನೋಡಿದ, ಎಲ್ಲ ಸರಿಯಾಗಿದೆಯೇ ಎಂದು ಮಾವಿನಹಣ್ಣು ನೋಡುವ ಹಾಗೆ.

"ಏನಾಯಿತು ನಿನಗೆ?" ಎಂದು ಕೇಳಿದೆ.

"ಹಾಲಿನ ಕ್ಯಾನು," ಎಂದ ಇಂಗ್ಲಿಷಿನಲ್ಲಿ. "ಅದರ ಮೇಲೆ ಬಿದ್ದೆ. ಮೇಡಂ, ಅವುಗಳನ್ನು ದಾರಿಯ ಮೇಲೇ ಇಡುತ್ತಾರೆ."

"ಹೌದು, ನೋಡಿದೆವು."

"ಆಮೇಲೆ ಪಂಕ್ಚರ್. ಬೇಲಿ ಕತ್ತರಿಸಿದ ಮುಳ್ಳು. ಬೇಲಿ ಕತ್ತರಿಸಿದವರು..." ಅವನು ಸ್ವಲ್ಪ ತಡೆದ. "ನಮ್ಮ ಆಫೀಸಿನವರೇ. ಮುಳ್ಳನ್ನೆಲ್ಲ ದೊಡ್ಡ ರಸ್ತೆಯಿಂದ ಗುಡಿಸಿ ಈ ಕಡೆಗೆ ತಳ್ಳಿದ್ದಾರೆ. ಅಲ್ಲಿಂದ ನಡೆದುಕೊಂಡೇ ಬಂದೆ. ಹಿಂದಿನಿಂದ ಬಂದವರೆಲ್ಲ ಬೆಲ್ ಹೊಡೆಯುತ್ತಾರೆ. ಸರಿಯಲು ಜಾಗವೇ ಇಲ್ಲ."

ಅದೇನು ಅಪಹಾಸ್ಯ ಮಾಡುವ ಹೊತ್ತಲ್ಲ ಎಂದು ನನಗೂ ಗೊತ್ತಿತ್ತು, ಗ್ರೀತಳಿಗೂ ಗೊತ್ತಿತ್ತು. ಅವಳು ಎದ್ದು ತಣ್ಣಗಾದ ಸೂಪನ್ನು ಬಿಸಿ ಮಾಡಿ ತಂದಿಟ್ಟಳು. ಅವನು ಉಣ್ಣುತ್ತಾ ತನ್ನ ದಾರಿಯ ಪರವಾಗಿ ಸ್ವಲ್ಪ ವಾದಿಸಿದ. ಮಕ್ಕಳಿಗೆ ಅದು ಬೇಕೇ ಬೇಕು ಎಂದ. ಬೇಕು ಎಂದು ನಾವಿಬ್ಬರೂ ಒಪ್ಪಿದೆವು. ಅದರ ಮೇಲೆ ವಾದಕ್ಕೆ ಏನೂ ಉಳಿಯಲಿಲ್ಲ. ತಾನು ಈ ದಾರಿಗಳಲ್ಲಿ ಆಫೀಸಿನ ನಕ್ಷೆಯ ಮೇಲೆ ಎಷ್ಟೋ ಸಲ ಹೋಗಿದ್ದೇನೆ, ಸೈಕಲ್ಲಿನ ಮೇಲೆ ಮನೆಯಿಂದ ಆಫೀಸಿನವರೆಗೆ ಬಿಟ್ಟರೆ ಹೋಗಿರಲಿಲ್ಲ ಎಂದು ತಾನಾಗಿಯೇ ಹೇಳಿದ.

ಊಟ ಆದ ಮೇಲೆ ಪಂಕ್ಚರ್ ಹಾಕಲು ಸಾಮಾನು ಕೇಳಿದ. ಗ್ರೀತ ತನ್ನ ಸೀಟಿನ ಕೆಳಗಿನ ಚರ್ಮದ ಚೀಲವನ್ನು ಬಿಚ್ಚಿಕೊಟ್ಟಳು. ಅವನು ಅಡಿಗೆಮನೆಯ ನೆಲದ ಮೇಲೆ ಕೂತು ಪಕ್ಕದ ಮನೆಯವರ ಟ್ಯೂಬಿಗೆ ತೇಪೆ ಹಾಕಿದ. ಆಮೇಲೆ ಸೊಲ್ಯೂಷನ್ ಟ್ಯೂಬು, ಉಜ್ಜುವ ಕಾಗದ, ಸ್ಪ್ಯಾನರು ಎಲ್ಲವನ್ನೂ ಒಂದೊಂದಾಗಿ ಚೀಲದೊಳಗಿಟ್ಟು, ಹೊರಗೆ ಹೋಗಿ ಚೀಲವನ್ನು ಅತ್ತೆಯ ಸೈಕಲ್ಲಿಗೆ ಬಿಗಿಯಾಗಿ ಕಟ್ಟಿ ಬಂದ.

"ನಿಮ್ಮದೇ," ಎಂದ. ಇದನ್ನು ನನಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲೇ ಹೇಳಿದ.

ಗ್ರೀತ ಅವನ ಹರಿದ ಪ್ಯಾಂಟಿಗೆ ಸೂಜಿ ಹುಡುಕಲು ಎದ್ದಳು.

ರೈಲಿನಲ್ಲಿ

ಮರುದಿನ ನನಗೆ ಸೀಟಿನ ಮೇಲೆ ಕೂರುವುದಿರಲಿ, ಕುರ್ಚಿಯ ಮೇಲೆ ಕೂರುವುದೂ ಕಷ್ಟವಾಯಿತು. ನನ್ನನ್ನು ರೈಲಿನಲ್ಲಿ ಕಳಿಸುವುದೆಂದಾಯಿತು. ಗ್ರೀತ ಸೈಕಲ್ಲಿನಲ್ಲೇ ಹಿಂದಿರುಗುವಳು. ಉಳಿದದ್ದು ನಾನು ತಂದ ಸೈಕಲ್. ಅದನ್ನು ವಿಲ್ಲೆಮ್ ನೋಡಿಕೊಳ್ಳುತ್ತಾನೆ ಎಂದರು. ಲಗೇಜಿನಲ್ಲಿ ಹಾಕಿಸುತ್ತಾನೆ ಎಂದು ತಿಳಿದೆ. ಅವನೇ ನನ್ನ ಚೀಲ ಹಿಡಿದು ಸ್ಟೇಷನ್ನಿಗೆ ಬಂದು, ಕಿಟಕಿಯ ಪಕ್ಕದ ಜಾಗ ಹಿಡಿದುಕೊಟ್ಟು, ಟೋಪಿ ತೆಗೆದು ಹೋದ. ರೈಲು ಹೊರಡುವುದಕ್ಕೆ ಬಹಳ ಹೊತ್ತಿತ್ತು. ನನ್ನ ಎದುರಿಗೆ ಕೂತ ಹೆಂಗಸು ಸ್ಯಾಂಡ್‌ವಿಚ್ಚಿನ ಪೊಟ್ಟಣ ಬಿಚ್ಚಿ, ನನಗೆ ಒಂದು ಕೊಟ್ಟಳು. ಈ ಸಲ ನಾನು ಬೇಡ ಎನ್ನಲಿಲ್ಲ.

ಊರು ಬಿಟ್ಟ ಮೇಲೆ ರೈಲಿನ ಹಳಿ, ದೊಡ್ಡ ರಸ್ತೆ, ಬೇಲಿ, ಸೈಕಲ್ ದಾರಿ ಎಲ್ಲವೂ ಒಂದರ ಪಕ್ಕದಲ್ಲಿ ಒಂದು ಓಡುತ್ತವೆ. ಗ್ರೀತ ಕಂಡರೆ ಕೈಬೀಸೋಣ ಎಂದು ನಾನು ಸೈಕಲ್ ದಾರಿಯನ್ನೇ ನೋಡುತ್ತಿದ್ದೆ. ಮಕ್ಕಳು ಹೋಗುತ್ತಿದ್ದವು, ಬುಟ್ಟಿಯ ಹೆಂಗಸರು ಹೋಗುತ್ತಿದ್ದರು. ಅವಳಿರಲಿಲ್ಲ.

ತಲೆಯೆತ್ತಿದಾಗ ಏರಿಯ ಮೇಲೆ ಆಕಾಶಕ್ಕೆ ಅಂಟಿಕೊಂಡ ಹಾಗೆ ಎರಡು ಸೈಕಲ್ಲುಗಳು ಕಂಡವು. ಒಂದರ ಮೇಲೆ ಬಿಳಿಯ ತಲೆ. ಇನ್ನೊಂದರ ಮೇಲೆ ಕಪ್ಪು ಸೂಟು, ಹೆಂಡತಿಯ ಲೇಡೀಸ್ ಸೈಕಲ್ಲಿನ ಮೇಲೆ ಮಂಡಿ ಅಗಲಿಸಿಕೊಂಡು, ಟೈ ಹೆಗಲಾಚೆ ಹಾರುತ್ತಾ, ಆಫೀಸಿನ ಬ್ಯಾಗು ಹಿಂದೆ ಕಟ್ಟಿಕೊಂಡು ಹೋಗುತ್ತಿತ್ತು. ಗ್ರೀತ ಒಂದು ಕೈ ಬಿಟ್ಟು ಏನನ್ನೋ ವಿವರಿಸುತ್ತಿದ್ದಳು. ಅವನು ಅವಳ ಕಡೆಗೆ ಕಿವಿ ಕೊಟ್ಟಿದ್ದ.

ಆ ದಿನ ಗಾಳಿ ಸಮುದ್ರದ ಕಡೆಯಿಂದ ಅಡ್ಡಕ್ಕೆ ಬೀಸುತ್ತಿತ್ತು. ಗಾಳಿ ಬರುವ ಕಡೆಯ ಜಾಡಿನಲ್ಲಿ ವಿಲ್ಲೆಮ್ ಇದ್ದ.